ಕುಡಿ ಕಡೆಯ ಚಕ್ರ

ಮಧುಗಿರಿಯಲ್ಲಿ ನಮ್ಮ ಮನೆಯ ಮುಂದೆ ಒಂದು ಹಸಿರು ಜೀಪು ನಿಂತಿರುತ್ತದೆ. ಬೆಟ್ಟ ಹತ್ತಲು ಬರುವ ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಟೈರು ಒತ್ತಿ ನೋಡುತ್ತಾರೆ. "ಆಂಟಿ, ಅಂಕಲ್ ಆಫ್‌ರೋಡಿಂಗ್ ಮಾಡ್ತಾರಾ?" ಎಂದು ಕೇಳುತ್ತಾರೆ. "ಇಲ್ಲಪ್ಪ, ನಾನು ಮಾಡ್ತೀನಿ" ಎಂದರೆ ನಗುತ್ತಾರೆ. ನಾನು ನಗುವುದಿಲ್ಲ. ನಾನು ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರು. ಮಕ್ಕಳು ನಗುವಾಗ ನಗದೆ ನಿಂತಿರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ನಮ್ಮವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದರು. ನನಗೆ ಮೊದಲ ಕೆಲಸ ಸಿಕ್ಕಿದ್ದು ಮಿಡಿಗೇಶಿ ಹತ್ತಿರದ ಶಾಲೆಯಲ್ಲಿ. ಬೆಳಿಗ್ಗೆ ಪಾವಗಡಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದೆ, ಆ ಬಸ್ಸನ್ನು ಅವರು ಓಡಿಸುತ್ತಿದ್ದರು. ಡ್ರೈವರ್ ಸೀಟಿನ ಮೇಲ್ಗಡೆ ‘ಚಾಲಕರೊಡನೆ ಮಾತನಾಡಬೇಡಿ’ ಎಂದು ಬರೆದಿತ್ತು. ಚಾಲಕರೇ ಮಾತಾಡಿದರೆ ಏನು ಮಾಡಬೇಕು ಎಂದು ಬರೆದಿರಲಿಲ್ಲ. ಮಧುಗಿರಿಯಲ್ಲಿ ತೆರೆದ ಬಾಯನ್ನು ಅವರು ಪಾವಗಡದಲ್ಲಿ ಮುಚ್ಚುತ್ತಿದ್ದರು. ಮಳೆ, ಮೇಕೆ, ಮಂತ್ರಿ, ಕಡಲೆಕಾಯಿ ರೇಟು, ಎದುರಿಗೆ ಬಂದ ಲಾರಿಯವನ ವಂಶ, ಯಾವುದನ್ನೂ ಬಿಡುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಸಂಧಿ ಸಮಾಸ ಓದಿಕೊಳ್ಳುತ್ತಿದ್ದ ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಒಂದು ದಿನ ಬೇರೆ ಡ್ರೈವರ್ ಬಂದ. ಅವನು ಉಗುಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದ. ಮಿಡಿಗೇಶಿ ಬರುವಷ್ಟರಲ್ಲಿ ನನಗೆ ಏನಾಗಿದೆ ಎಂದು ನನಗೇ ಗೊತ್ತಾಗಿಹೋಯಿತು. ಮದುವೆಗೆ ನಮ್ಮಪ್ಪ ಒಪ್ಪಲಿಲ್ಲ. ಒಂದು ಸಂಜೆ ಇವರನ್ನು ಅಪ್ಪನ ಎದುರಿಗೆ ಕೂರಿಸಿ ನಾನು ಅಡುಗೆಮನೆಗೆ ಹೋದೆ. ಕಾಫಿ ತರುವಷ್ಟರಲ್ಲಿ ಒಪ್ಪಿದ್ದರು.

ಇವರ ಊರು ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ ಬೆಟ್ಟದ ಮಗ್ಗುಲಿಗೆ. ಮನೆಮಾತು ತೆಲುಗು. ಹೊಸದಾಗಿ ಹೋದಾಗ ನಮ್ಮತ್ತೆ ನನ್ನನ್ನು ನೋಡಿಕೊಂಡೇ ಇವರ ಹತ್ತಿರ ತೆಲುಗಿನಲ್ಲಿ ಏನೋ ಹೇಳಿ ನಕ್ಕರು. ಏನಂದರು ಎಂದು ಇವರನ್ನು ಕೇಳಿದರೆ "ಏನಿಲ್ಲ, ಬಿಡು" ಎಂದರು. ಏನಿಲ್ಲದ್ದಕ್ಕೆ ಯಾರಾದರೂ ಅಷ್ಟು ನಗುತ್ತಾರಾ? ಆ ಭಾಷೆ ನನ್ನ ನಾಲಗೆಯ ಮೇಲೆ ಬರಕೂಡದು ಎಂದು ಅವತ್ತೇ ತೀರ್ಮಾನಿಸಿದೆ. ಇವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು, ಬೇಕಾದಷ್ಟು ಮಾತಾಡಿದರು, ನಿದ್ದೆಯಲ್ಲೂ ಕನ್ನಡದಲ್ಲೇ ಕಂಡಕ್ಟರನ್ನು ಬೈದರು. ನನಗೆ ತೆಲುಗಿನ ಅವಶ್ಯಕತೆ ಬೀಳಲಿಲ್ಲ.

ಜೀಪು ಬಂದದ್ದು ಯಾವುದೋ ಇಲಾಖೆಯ ಹರಾಜಿನಿಂದ. ಮದುವೆಗೆ ಮೊದಲು ಇವರು ಇಂಥದ್ದೇ ಜೀಪೊಂದಕ್ಕೆ ಬಾಡಿಗೆ ಡ್ರೈವರಾಗಿದ್ದರಂತೆ, ಊರಿನ ಹಿಂದಿನ ಕಲ್ಲುದಾರಿಯಲ್ಲಿ ಬೆಟ್ಟದ ಮಗ್ಗುಲ ಹೊಲದವರೆಗೂ ಹತ್ತಿಸುತ್ತಿದ್ದರಂತೆ. "ನೋಡ್ತಿರು, ಇದನ್ನ ರೆಡಿ ಮಾಡಿ ನಿನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ" ಎಂದರು. ಅಂಗಳದಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದರು. ನೋಡುತ್ತಲೇ ಇದ್ದೆ. ಕೋಳಿ ಒಳಗೆ ಮೊಟ್ಟೆ ಇಟ್ಟಿತು, ಬೆಕ್ಕು ಮರಿ ಹಾಕಿತು, ಜೀಪು ರೆಡಿಯಾಗಲಿಲ್ಲ. "ಇದೇನ್ ಮೇಡಮ್ಮೋರೇ, ಮನೆ ಮುಂದೆ ಸಮಾಧಿ ಇದ್ದಂಗೈತೆ, ಗುಜ್ರಿಗ್ ಹಾಕ್ಬುಡಿ ಅತ್ಲಾಗೆ" ಎಂದು ಪಕ್ಕದ ಮನೆಯಾಕೆ ಹಬ್ಬಕ್ಕೊಮ್ಮೆ ಹೇಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಇವರು ಯಾರದೋ ಓವರ್‌ಟೇಕಿನ ಕಥೆ ಹೇಳುತ್ತಿದ್ದರು. ಲಾರಿ ಎದುರಿಗೆ ಬಂತು ಎನ್ನುವಲ್ಲಿ ಮಾತು ನಿಂತಿತು. ಆಮೇಲೆ ಏನಾಯ್ತು ಎಂದು ಅಡುಗೆಮನೆಯಿಂದ ಕೇಳಿದೆ. ರೇಜರ್ ಕೆಳಗೆ ಬಿದ್ದ ಸದ್ದು ಬಂತು.

ಲಕ್ವ. ತುಮಕೂರಿನ ಡಾಕ್ಟರು ಮಿದುಳಿನ ಎಡಭಾಗ ಎಂದರು, ಹಾಗಾಗಿ ಬಲಗೈ ಬಲಗಾಲಿಗೆ ಶಕ್ತಿಯಿಲ್ಲ ಎಂದರು. ಮಾತಿನ ವಿಷಯ ಕೇಳಿದೆ. "ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಅವರ ಮಾತು ಬಂದರೂ ಬರಬಹುದು, ಬರದೇನೂ ಇರಬಹುದು" ಎಂದರು. ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಡಾಕ್ಟರಿಗೆ ಕೈ ಮುಗಿದು ಬಂದೆ.

ಬಸ್ಸು ಓಡಿಸುವ ಮಾತು ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಅದು ಹೋದರೆ ಹೋಗಲಿ. ಕುಂಟಿಕೊಂಡು ನಡೆದರೂ ಆಯಿತು, ನಾನೇ ಉಣಿಸಿದರೂ ಆಯಿತು. ನನಗೆ ಬೇಕಾದದ್ದು ಒಂದೇ: ಇವರು ನನ್ನ ಜೊತೆ ಮತ್ತೆ ಮಾತಾಡಬೇಕು. ಮನೆ ಎಷ್ಟು ಸುಮ್ಮನಾಗಿತ್ತೆಂದರೆ ಫ್ರಿಜ್ಜು ಸದ್ದು ಮಾಡಿದರೆ ನಾನು "ಏನು?" ಎನ್ನುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಪದ ಬಂತು. "ಕುಡಿ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ತಂಬಿಗೆ ನೀರು ತಂದು ಕುಡಿಸಿದೆ. ಮತ್ತೆ "ಕುಡಿ" ಎಂದರು. ಮಜ್ಜಿಗೆ ಕೊಟ್ಟೆ. "ಕುಡಿ, ಕುಡಿ" ಎಂದು ದನಿ ಎತ್ತರಿಸಿದರು. ಎಳನೀರು ತರಿಸಿದೆ. ಸಿಟ್ಟಿನಿಂದ ನನ್ನನ್ನೇ ನೋಡುತ್ತ ಅದನ್ನೂ ಕುಡಿದರು. ವ್ಯಾಕರಣದ ಪ್ರಕಾರ ‘ಕುಡಿಯಬೇಕು’ ಎನ್ನಬೇಕು, ಅಥವಾ ‘ಕುಡಿಯಲು ಕೊಡು’ ಎನ್ನಬೇಕು; ಪಾಪ, ಧಾತು ಒಂದೇ ಉಳಿದಿದೆ, ಪ್ರತ್ಯಯ ಹೋಗಿದೆ ಎಂದುಕೊಂಡೆ. ಮುಂದಿನ ಸಲ ಡಾಕ್ಟರು ನೋಡಿ ಕಿಡ್ನಿ ತುಂಬ ಚೆನ್ನಾಗಿದೆ ಎಂದರು.

ಕನ್ನಡ ಟೀಚರು ಮನೆಯಲ್ಲಿದ್ದಾಳಲ್ಲ, ಮಾತು ಬರದೆ ಎಲ್ಲಿ ಹೋಗುತ್ತದೆ ಎಂದು ಚಿತ್ರದ ಕಾರ್ಡು ಹಿಡಿದು ಕೂತೆ. ಅರಸ, ಆನೆ, ಇಲಿ. ಇವರು ಇಲಿಯನ್ನು ನೋಡಿದರು, ನನ್ನನ್ನು ನೋಡಿದರು. ಈಶನ ಚಿತ್ರ ಬರುವಷ್ಟರಲ್ಲಿ ಕಾರ್ಡುಗಳೆಲ್ಲ ಎಡಗೈಯಿಂದ ಕಿಟಕಿಯಾಚೆ ಹೋಗಿದ್ದವು. ನಾನೂ ಬಿಡುವವಳಲ್ಲ, ಆಯ್ದುಕೊಂಡು ಬಂದು ಮತ್ತೆ ಅರಸನಿಂದ ಶುರು ಮಾಡಿದೆ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವವರೆಗೂ ಈ ಪಾಠ ನಡೆಯುತ್ತಿತ್ತು.

ನಡೆದು ಅಭ್ಯಾಸ ಮಾಡಲು ಅಂಗಳ ಬೇಕಿತ್ತು. ಅಂಗಳದಲ್ಲಿ ಜೀಪಿತ್ತು. ಶಿರಾದಲ್ಲಿ ಇವರ ಹಳೆಯ ಸ್ನೇಹಿತರೊಬ್ಬರ ಗ್ಯಾರೇಜಿದೆ; ಇವರು ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. "ಭಾಯ್, ಜೀಪನ್ನ ಗುಜರಿಗೆ ಹಾಕ್ಸಿ" ಎಂದು ಫೋನ್ ಮಾಡಿದೆ. ಅವರು "ಡ್ರೈವರ್ ಸಾಬ್‌ನೂ ಕರ್ಕೊಂಡ್ ಬನ್ನಿ ಭಾಬಿ. ಮನೇಲ್ ಕೂತ್ರೆ ಅವ್ರೂ ತುಕ್ಕು ಹಿಡೀತಾರೆ" ಎಂದು ಪಿಕಪ್ ಗಾಡಿ ಕಳಿಸಿದರು.

ಪಿಕಪ್ಪಿಗೆ ಜೀಪನ್ನು ಕಬ್ಬಿಣದ ಸರಪಳಿಯಿಂದ ಕಟ್ಟಿದರು. ಜೀಪಿನ ಸ್ಟೇರಿಂಗ್ ಹಿಡಿದು ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ ಕೂತ. ನಾವು ಮುಂದೆ, ಪಿಕಪ್ಪಿನ ಡ್ರೈವರ್ ಪಕ್ಕ. ಊರು ದಾಟಿದ್ದೇ ತಡ, ಇವರು ಹಿಂದಿನ ಗಾಜಿನಲ್ಲಿ ಜೀಪನ್ನು ನೋಡಿ "ಕುಡಿ" ಎಂದರು. ಬಾಟಲಿ ತೆರೆದು ಕುಡಿಸಿದೆ. "ಕುಡಿ, ಕುಡಿ!" ಇನ್ನಷ್ಟು ಕುಡಿಸಿದೆ. ಬಡವನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಮೂತ್ರಕ್ಕೆ ಕರೆದುಕೊಂಡು ಹೋಗಬೇಕಾಯಿತು. ಆಗ ಏನೋ ಸುಟ್ಟ ವಾಸನೆ ಬರುತ್ತಿತ್ತು. ಯಾರೋ ಟೈರು ಸುಡುತ್ತಿದ್ದಾರೆ, ಈ ಜನಕ್ಕೆ ಬುದ್ಧಿ ಇಲ್ಲ ಎಂದೆ. ಇವರು ಹಣೆ ಚಚ್ಚಿಕೊಂಡರು. ಹೊಸ ಬಾಟಲಿ ಕೊಂಡು ಹೊರಟೆವು. ಶಿರಾ ಮುಟ್ಟುವವರೆಗೂ ಇವರು ಕೂಗುವುದು, ನಾನು ಕುಡಿಸುವುದು.

ಗ್ಯಾರೇಜಿನ ಮುಂದೆ ಇಳಿಯುತ್ತಿದ್ದಂತೆ ಇವರು ಕೋಲೂರಿಕೊಂಡು ಜೀಪಿನ ಹತ್ತಿರ ಹೋಗಿ, ಬಾನೆಟ್ಟು ತಟ್ಟಿ, ಬೀದಿಯೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದರು. "ಕುಡಿ!" ನಾನು ಬಾಟಲಿ ಹಿಡಿದು ಓಡಿದೆ. ಅಲ್ಲಿ ಪಾವಗಡದ ಕಡೆಯ ಕಡಲೆಕಾಯಿ ವ್ಯಾಪಾರಿಯೊಬ್ಬರು ತಮ್ಮ ವ್ಯಾನು ರಿಪೇರಿಯಾಗಲಿ ಎಂದು ಕಾಯುತ್ತ ಕೂತಿದ್ದರು. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಅಮ್ಮಾ, ಆಯನ ನೀಳ್ಳು ಅಡಗಲೇದಮ್ಮಾ! ನೀರ್ ಕೇಳ್ತಿಲ್ಲ ಕಣಮ್ಮಾ ಆವಯ್ಯ. ತೆಲುಗಾಗೆ ಕುಡಿ ಅಂದ್ರೆ ಬಲಗಡೆ. ಬಲಗಡೆ ಚಕ್ರ ನೋಡ್ರೋ ಅಂತಾವ್ರೆ."

ಎಲ್ಲರೂ ನೋಡಿದೆವು. ಮುಂದಿನ ಬಲಚಕ್ರದ ಒಳಗಿನಿಂದ ಹೊಗೆ ಬರುತ್ತಿತ್ತು. ಬ್ರೇಕು ಕಚ್ಚಿಕೊಂಡು ಚಕ್ರ ಮಧುಗಿರಿಯಿಂದಲೂ ಸರಿಯಾಗಿ ತಿರುಗಿರಲಿಲ್ಲ. ಸ್ಟೇರಿಂಗ್ ಹಿಡಿದಿದ್ದ ಮೆಕ್ಯಾನಿಕ್‌ಗೆ ಗಾಡಿ ಬಲಕ್ಕೆ ಎಳೆಯುತ್ತಿದೆ ಅನ್ನಿಸಿತ್ತಂತೆ. ಹಳೇ ಗಾಡಿ, ಎಳೆಯದೆ ಏನು ಮಾಡುತ್ತದೆ ಎಂದುಕೊಂಡನಂತೆ. ನಾನು ಕೈಯಲ್ಲಿದ್ದ ನೀರನ್ನು ಚಕ್ರದ ಮೇಲೆ ಸುರಿದೆ. ಅದು ಚೊಯ್ಯೆಂದಿತು. ಇವರು ಅಬ್ಬ ಎನ್ನುವ ಹಾಗೆ ಕಣ್ಣು ಮುಚ್ಚಿದರು.

ವ್ಯಾಪಾರಿ ಇನ್ನೂ ನಗುತ್ತಿದ್ದರು. ನಾನು ಅವರ ಮೇಲೆ ರೇಗಬೇಕೆಂದು ಬಾಯಿ ತೆರೆದವಳು ಹಾಗೇ ಒಂದು ಹಳೆಯ ಟೈರಿನ ಮೇಲೆ ಕುಸಿದು ಕೂತೆ. ಮನೆಯಲ್ಲಿ ಇವರು ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ತೋರಿಸಿ "ಕುಡಿ" ಎನ್ನುತ್ತಿದ್ದುದು ಕಣ್ಣಿಗೆ ಕಟ್ಟಿತು. ಬಲಗೈ, ನನ್ನ ಬಲಗೈ ಎನ್ನುತ್ತಿದ್ದರು. ನಾನು ಅದೇ ಕೈಗೆ ಲೋಟ ಹಿಡಿಸುತ್ತಿದ್ದೆ, ಲೋಟ ಬೀಳುತ್ತಿತ್ತು, ಪರವಾಗಿಲ್ಲ ಎಂದು ಇನ್ನೊಂದು ಲೋಟ ತರುತ್ತಿದ್ದೆ. ಕನ್ನಡದಲ್ಲಿ ಬಲ ಎಂದರೆ ಆ ಕಡೆಯೂ ಹೌದು, ಶಕ್ತಿಯೂ ಹೌದು. ಎಂಟನೇ ಕ್ಲಾಸಿಗೆ ನಾನಾರ್ಥ ಹೇಳಿಕೊಡುವಾಗ ಮೊದಲು ಇದನ್ನೇ ಹೇಳುತ್ತೇನೆ. ಇವರ ಮಾತು ಪೂರ್ತಿ ಹೋಗಿರಲಿಲ್ಲ. ಕನ್ನಡ ಇದ್ದ ಕೋಣೆಗೆ ಬೀಗ ಬಿದ್ದಿತ್ತು, ತೆಲುಗಿನದು ಅರ್ಧ ತೆರೆದಿತ್ತು, ನಾನು ಬೀಗ ಬಿದ್ದ ಬಾಗಿಲನ್ನೇ ಬಡಿಯುತ್ತ ಕೂತಿದ್ದೆ.

ಭಾಯ್ ಬಂದು, "ಭಾಬಿ, ಗುಜರಿಯವ್ನು ಬಂದವ್ನೆ. ತೂಕಕ್ ಹಾಕ್ಸ್ಲಾ?" ಎಂದು ಕೇಳಿದರು. ಇವರು ಅಲ್ಲಿ ಎಡಗೈಯಿಂದ ಚಕ್ರದ ನಟ್ಟು ತಿರುಗಿಸಲು ಹೆಣಗುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು.

"ಬೇಡ. ಕಟ್ಟಿ" ಎಂದೆ.

"ಏನ್ ಕಟ್ಲಿ?"

"ಜೀಪು. ಪೂರ್ತಿ ಕಟ್ಟಿ. ನಿಧಾನಕ್ಕೆ ಕಟ್ಟಿ."

ಗ್ಯಾರೇಜಿಗೆ ಬಂದು ನಿಧಾನಕ್ಕೆ ಮಾಡಿ ಎಂದ ಮೊದಲ ಗಿರಾಕಿ ನಾನೇ ಇರಬೇಕು. ಭಾಯ್ ನನ್ನನ್ನು ಒಂದು ಥರಾ ನೋಡಿ, "ಅದೊಂದ್ ಹೇಳೋದೇ ಬೇಡ ಬುಡಿ ಭಾಬಿ" ಎಂದರು.

ಅಲ್ಲಿಂದ ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಶಿರಾ. ಬಾಡಿ ಬಿಚ್ಚಿಟ್ಟಾಗ ಕೆಳಗಿನ ಚಾಸಿ ಗೆದ್ದಲು ಹಿಡಿದ ಹೊಸ್ತಿಲಿನ ಹಾಗಿತ್ತು. ತುಕ್ಕು ತಿಂದ ಕಡೆಯೆಲ್ಲ ಕತ್ತರಿಸಿ ಹೊಸ ತಗಡು ಬೆಸೆದರು. ಎಂಜಿನ್ ಇಳಿಸಿ ಟೇಬಲ್ಲಿನ ಮೇಲೆ ಇಟ್ಟರು. ಇವರು ಸ್ಟೂಲಿನ ಮೇಲೆ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಶ್ಶು ಹಿಡಿದು ಒಂದೊಂದೇ ಭಾಗ ತೊಳೆಯುತ್ತಿದ್ದರು. ಮೊದಲು ಎಡಗೈಯಲ್ಲಿ, ಆಮೇಲೆ ಬಲಗೈ ಆನಿಸಿಕೊಂಡು. ತೊಳೆದದ್ದು ಏನೆಂದು ಬಾಯಿಗೆ ಬರತೊಡಗಿತು. ಗೇರು. ಕ್ಲಚ್ಚು. ಬೇರಿಂಗು. ಈ ಪದಗಳಿಗೆ ಯಾವ ಭಾಷೆಯ ಹಂಗೂ ಇಲ್ಲ, ಶಿರಾದಲ್ಲೂ ಹಿಂದೂಪುರದಲ್ಲೂ ಒಂದೇ. ಆಮೇಲೆ ಕ್ರಿಯಾಪದ ಬಂದವು, ಎಲ್ಲ ತೆಲುಗಿನವು. ಬಿಗಿಂಚು ಎಂದರೆ ಬಿಗಿ ಮಾಡು, ಅದು ನನಗೂ ತಿಳಿಯಿತು. ‘ಪೈಕಿ, ಪೈಕಿ’ ಎಂದಾಗ ಮಾತ್ರ ಯಾವುದರ ಪೈಕಿ ಎಂದು ಹೇಳಲಿ ಎಂದು ಕಾಯುತ್ತ ನಿಂತೆ. ಜಾಕಿನ ಹಿಡಿ ನನ್ನ ಕೈಯಲ್ಲಿತ್ತು. ಮೇಲಕ್ಕೆ ಎತ್ತು ಎನ್ನುತ್ತಿದ್ದಾರೆ ಎಂದು ಗೊತ್ತಾಗುವಷ್ಟರಲ್ಲಿ ಜೀಪಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ತನಗೆ ಬರುವ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿದ್ದ.

ನನ್ನ ಪಣ ಮುರಿಯಿತು. ಯಾರಿಗೂ ಹೇಳದೆ ಮುರಿದೆ, ಅತ್ತೆ ಮೇಲಿನಿಂದ ನೋಡಿ ನಗುತ್ತಿದ್ದರೆ ನಗಲಿ. ಒಂದೊಂದು ವಸ್ತು ಹಿಡಿದು ಇವರಿಗೆ ತೋರಿಸುವುದು, ಇವರು ಹೇಳುವುದು, ನಾನು ಒಪ್ಪಿಸುವುದು. ನಾನು ತಪ್ಪು ಹೇಳಿದರೆ ಇವರಿಗೆ ಖುಷಿ. ನೀರಿಗೆ ನೀಳ್ಳು, ಎಡಕ್ಕೆ ಎಡಮ, ಕುಡಿಯುವುದಕ್ಕೆ ತಾಗು. ಈ ಕೊನೆಯದನ್ನು ಕಲಿತ ದಿನ ನನಗೆ ಬಹಳ ಹೆಮ್ಮೆಯಾಗಿ, ಟೀ ಲೋಟ ಹಿಡಿದು ಗ್ಯಾರೇಜಿಗೆಲ್ಲ ಕೇಳುವ ಹಾಗೆ "ತಾಗು! ತಾಗು!" ಎಂದು ಇವರ ಹತ್ತಿರ ಹೋದೆ. ಭಾಯ್ ಆಗ ಜೀಪನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಹಿಂದೆ ಏನೋ ತಾಗುತ್ತಿದೆ ಎಂದು ಹೌಹಾರಿ ಬ್ರೇಕ್ ಒತ್ತಿದರು, ಬಿಗಿಮಾಡದೆ ಇಟ್ಟಿದ್ದ ಬ್ಯಾಟರಿ ಉರುಳಿ ಕೆಳಗೆ ಬಿತ್ತು. "ಯಾ ಅಲ್ಲಾ! ಭಾಬಿ, ನೀವ್ ಕನ್ನಡದಾಗೇ ಬೈದ್ಬುಡಿ, ಸಾಕು" ಎಂದರು. ಇವರು ನಕ್ಕರು. ಲಕ್ವ ಹೊಡೆದ ಮೇಲೆ ಮೊದಲನೇ ಸಲ, ಬಾಯಿ ಒಂದೇ ಕಡೆಗೆ ಎಳೆದುಕೊಂಡು. ನಾನು ಬ್ಯಾಟರಿ ಎತ್ತುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಪದಗಳು ಬಂದವು, ಮಾತು ಬರಲಿಲ್ಲ. ಅದನ್ನು ಯಾರಿಗೆ ಬಿಡಿಸಿ ಹೇಳಲಿ? ಸ್ಪ್ಯಾನರ್ ಕೇಳುತ್ತಿದ್ದರು, ಅನ್ನ ಕೇಳುತ್ತಿದ್ದರು, ಬೇಡ ಎನ್ನುತ್ತಿದ್ದರು. ರಾತ್ರಿ ಊಟ ಮುಗಿಸಿ ಕೂತಾಗ ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ ಎಂದು ನಾನು ಶುರು ಮಾಡಿದರೆ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ. ನನ್ನನ್ನು ಏನೂ ಕೇಳುತ್ತಿರಲಿಲ್ಲ, ತಮ್ಮ ಒಳಗಿನದು ಏನೂ ಹೇಳುತ್ತಿರಲಿಲ್ಲ. ಜೀಪಿನ ಬಿಡಿಭಾಗಗಳಿಗೆಲ್ಲ ಹೆಸರಿಟ್ಟು ಕರೆದ ಮನುಷ್ಯ ನನ್ನನ್ನು ಮಾತ್ರ ಕರೆಯುತ್ತಿರಲಿಲ್ಲ. ಜೀಪು ಮುಗಿಯುವುದರೊಳಗೆ ಆದರೂ ಮಾತಾಡಲಿ ಎಂದು ಭಾಯ್‌ಗೆ ಇನ್ನೂ ಒಂದಿಷ್ಟು ಕೆಲಸ ಹಚ್ಚುತ್ತಿದ್ದೆ.

ಅಷ್ಟರಲ್ಲಿ ಎತ್ತರದ ಜಗಳ ಬಂತು. ಕಲ್ಲುದಾರಿಗೆ ಬೇಕೆಂದು ಸ್ಪ್ರಿಂಗ್ ಪ್ಲೇಟು ಹೆಚ್ಚಿಸಿ ದೊಡ್ಡ ಟೈರು ಹಾಕಿದರು. ಪೇಟೆಯಲ್ಲೂ ಓಡಬೇಕಲ್ಲ, ಸೀರೆ ಉಟ್ಟುಕೊಂಡು ನಾನು ಇದಕ್ಕೆ ಹತ್ತುವುದು ಹೆಂಗೆ ಎಂದೆ. ಏಣಿ ತರಿಸ್ತೀನಿ ಎಂದು ಭಾಯ್ ತಮಾಷೆ ಮಾಡಿದರು. ಕೊನೆಗೆ ಇವರ ಕಾಲಿಗಾದರೂ ಬೇಕಲ್ಲ ಎಂದು, ಇವರು ಕೂರುವ ಕಡೆ ಮೆಟ್ಟಿಲು ಬೆಸೆಯುವುದು ಎಂದಾಯಿತು. ಇವರು ಡ್ರೈವರ್ ಬಾಗಿಲು ತೋರಿಸಿ "ಕುಡಿ" ಎಂದರು. ಭಾಯ್ ನನ್ನ ಮುಖ ನೋಡಿದರು, ನಾನು ಭಾಯ್ ಮುಖ ನೋಡಿದೆ. ಇಬ್ಬರೂ ಸೇರಿ ಇವರನ್ನು ಸ್ಟೇರಿಂಗ್ ಮುಂದೆ ಕೂರಿಸಿದೆವು. ಎಂಜಿನ್ ಶುರುವಾಯಿತು. ಇವರು ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟರು, ಅದು ಜಾರಿತು. ಕೈಯಿಂದ ಎತ್ತಿ ಇಟ್ಟರು, ಮತ್ತೆ ಜಾರಿತು. ಭಾಯ್ ಕೈ ಚಾಚಿ ಎಂಜಿನ್ ಆಫ್ ಮಾಡಿದರು. ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಇವರ ಜೊತೆ ಕೆಲಸ ಮಾಡಿದ್ದ ಡ್ರೈವರ್ "ಹೆಂಗಿದೀರಣ್ಣ?" ಎಂದು ಕೇಳಿದ. ಇವರು ಕಿಟಕಿಯ ಕಡೆ ತಿರುಗಿದರು. ಮುಂದಿನ ಸಲ ಹೋದಾಗ ತಾವೇ ಜೀಪನ್ನು ಸುತ್ತು ಹಾಕಿ ಎಡಗಡೆ ಬಾಗಿಲ ಕೆಳಗೆ ಕೋಲಿನಿಂದ ತಟ್ಟಿ "ಎಡಮ" ಎಂದರು. ಮೆಟ್ಟಿಲು ಅಲ್ಲಿ ಬಂತು. ಆಮೇಲೆ ಕೋಲು ನನ್ನ ಕಡೆ ತಿರುಗಿತು, ಡ್ರೈವರ್ ಸೀಟಿನ ಕಡೆ ತಿರುಗಿತು.

ನನ್ನ ಹತ್ತಿರ ಕಾರಿನ ಲೈಸೆನ್ಸ್ ಇತ್ತು. ಒಂದು ಕಾಲದಲ್ಲಿ ಇವರೇ ಹಟ ಹಿಡಿದು ಮಾಡಿಸಿದ್ದು. ಅದನ್ನು ಗುರುತಿನ ಚೀಟಿಯಾಗಿ ಬಳಸಿಕೊಂಡಿದ್ದೆನೇ ಹೊರತು ಗಾಡಿ ಓಡಿಸಿರಲಿಲ್ಲ. ಶಿರಾದ ಆಚೆ ಒಣಗಿದ ಕೆರೆ ಅಂಗಳದಲ್ಲಿ ಕಲಿತೆ. ಜೀಪಿನ ಸ್ಟೇರಿಂಗ್ ತಿರುಗಿಸುವುದೆಂದರೆ ಮದುವೆಮನೆಯ ರುಬ್ಬುಗಲ್ಲು ತಿರುಗಿಸಿದ ಹಾಗೆ. ಪಕ್ಕದಲ್ಲಿ ಇವರು. "ಎಡಮ! ಕುಡಿ! ಆಪು! ಆಪು!" ಆಪು ಎಂದರೆ ನಿಲ್ಲಿಸು. ಅದನ್ನು ಕಲಿಯುವಷ್ಟರಲ್ಲಿ ಒಂದು ಜಾಲಿಗಿಡ ಹೋಯಿತು. ಮೂವತ್ತು ಜನ ಹುಡುಗರನ್ನು ಕಣ್ಣಲ್ಲೇ ಕೂರಿಸುವ ನನಗೆ ಇವರು ಡ್ಯಾಶ್‌ಬೋರ್ಡ್ ಕುಟ್ಟಿ ಕುಟ್ಟಿ ಹೇಳಿಕೊಟ್ಟರು. ನಾನೂ ಬಾಯಿಗೆ ಬಂದಂತೆ ಬೈದೆ. ಇವರಿಗೆ ಉತ್ತರ ಕೊಡಲು ಆಗುತ್ತಿರಲಿಲ್ಲ, ಅದಕ್ಕೇ ಬೈಗುಳ ಬೇಗ ಮುಗಿದುಹೋಗುತ್ತಿತ್ತು. ಎದುರುತ್ತರ ಇಲ್ಲದ ಜಗಳದಲ್ಲಿ ಏನು ಸುಖ?

ಎಫ್‌ಸಿ ಮಾಡಿಸಿದ ದಿನ ಮಧುಗಿರಿಯಲ್ಲಿ ಟೀ ಅಂಗಡಿಗೆ ಹೋದೆವು. ದೀಪ, ಹಾರನ್ನು, ಬ್ರೇಕು ಎಲ್ಲ ಪಾಸಾಗಿ ಜೀಪು ಕಾನೂನಿನ ಪ್ರಕಾರ ರಸ್ತೆಗೆ ಬಂದಿತ್ತು. ಇವರು ಟೀಯವನಿಗೆ "ಚಕ್ಕೆರ ವದ್ದು" ಎಂದರು, ಸಕ್ಕರೆ ಬೇಡ ಎಂದು. ಪಕ್ಕದಲ್ಲಿ ಕೂತಿದ್ದ ಒಬ್ಬ ಮಹಾಶಯರು "ಏನ್ ಯಜಮಾನ್ರೇ, ಕರ್ನಾಟಕದಲ್ಲಿದ್ಕೊಂಡು ಕನ್ನಡ ಮಾತಾಡಿ" ಎಂದು ಬುದ್ಧಿ ಹೇಳಿದರು. ಈ ವಾಕ್ಯವನ್ನು ರಾಜ್ಯೋತ್ಸವದ ದಿನ ನಾನೇ ಎಷ್ಟೋ ಸಲ ಮೈಕಿನಲ್ಲಿ ಹೇಳಿದ್ದೇನೆ. ಸಿಟ್ಟು ನೆತ್ತಿಗೇರಿತು. "ಸ್ವಾಮಿ, ಕನ್ನಡ ನಾನು ಮಾತಾಡ್ತೀನಿ, ನಿಮಗೆಷ್ಟು ಬೇಕು ಹೇಳಿ" ಎಂದು ಶುರು ಮಾಡಿದವಳು ಅವರು ಟೀ ಅರ್ಧಕ್ಕೆ ಬಿಟ್ಟು ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಮಾತಾಡಿದೆ. ಟೀ ಅಂಗಡಿಯವನು ಸಕ್ಕರೆ ಇಲ್ಲದ ಟೀ ತಂದು ಇವರ ಎಡಗಡೆಗೆ ಇಟ್ಟ.

ಜೀಪು ಮುಗಿದಿತ್ತು. ಇನ್ನು ಹಚ್ಚಲು ಕೆಲಸ ಉಳಿದಿರಲಿಲ್ಲ. ಇವರು ಒಂದೇ ಹೆಸರು ಹೇಳುತ್ತಿದ್ದರು, ನಿಡುಗಲ್. ಭಾಯ್ ಹಿಂದಿನ ಸೀಟಿನಲ್ಲಿ ಹಗ್ಗ, ಜಾಕು, ಬಿರಿಯಾನಿ ಡಬ್ಬಿ ಇಟ್ಟುಕೊಂಡು ಕೂತರು. ಪಾವಗಡದವರೆಗೆ ಡಾಂಬರು ರಸ್ತೆ. ಸೋಲಾರಿನ ಸಾಮಾನು ಹೊತ್ತ ಉದ್ದನೆಯ ಲಾರಿಯೊಂದನ್ನು ಓವರ್‌ಟೇಕ್ ಮಾಡಿದೆ. ಭಾಯ್ ಹಿಂದೆ ಏನೋ ಪಠಿಸುತ್ತಿದ್ದುದು ಕೇಳಿಸಿತು. ಇವರ ಊರು ದಾಟಿ ಕಲ್ಲುದಾರಿ ಬಂದಾಗ ಇವರು ಗೇರಿನ ಪಕ್ಕದ ಚಿಕ್ಕ ಲಿವರನ್ನು ಎಡಗೈಯಿಂದ ತಾವೇ ಎಳೆದರು. ನಾಲ್ಕೂ ಚಕ್ರಕ್ಕೆ ಶಕ್ತಿ ಬಂತು. ಜೀಪು ಗುರುಗುಟ್ಟುತ್ತ ಬಂಡೆ ಹತ್ತತೊಡಗಿತು.

ಅರ್ಧ ಏರಿದ ಮೇಲೆ ದಾರಿ ಎರಡು ಗುಂಡುಕಲ್ಲುಗಳ ನಡುವೆ ಕಿರಿದಾಗುತ್ತದೆ. ಕೆಳಗೆ ಇಳಿಜಾರು. ಭಾಯ್ ಇಳಿದು ಮುಂದೆ ಹೋಗಿ ಕೈ ಬೀಸುತ್ತ ದಾರಿ ತೋರಿಸಿದರು. ನಾನು ಸ್ವಲ್ಪ ಜಾಸ್ತಿ ತಿರುಗಿಸಿದೆ. ಮುಂದಿನ ಒಂದು ಚಕ್ರ ಗುಂಡಿನ ಮೇಲೆ ಹತ್ತಿ ಗಾಳಿಯಲ್ಲಿ ನಿಂತಿತು, ಹಿಂದಿನದು ಸಣ್ಣ ಕಲ್ಲಿನ ಮೇಲೆ ಜಾರಿತು, ಜೀಪು ಒಂದು ಕಡೆಗೆ ವಾಲಿತು. ಎಂಜಿನ್ ಆಫ್ ಆಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ಬ್ರೇಕಿನ ಮೇಲಿದ್ದ ನನ್ನ ಕಾಲು ಗಡಗಡ ನಡುಗುತ್ತಿತ್ತು, ಎಷ್ಟೆಂದರೆ ಚಪ್ಪಲಿ ಸದ್ದು ಮಾಡುತ್ತಿತ್ತು. ಈಗ ಇವರು ಡ್ಯಾಶ್‌ಬೋರ್ಡ್ ಕುಟ್ಟಿ ಕಿರುಚುತ್ತಾರೆ ಎಂದು ಕಾದೆ. ಕಿರುಚಲಿಲ್ಲ. ನನ್ನ ಕಾಲನ್ನು ನೋಡುತ್ತಿದ್ದರು.

"ಭಯಮೈತಾಂದಾ?" ಎಂದರು.

"ಔನು" ಎಂದೆ.

ಎಂದ ಮೇಲೆ ನನಗೆ ಗೊತ್ತಾಯಿತು. ಭಯ ಆಗ್ತಿದೆಯಾ ಎಂದು ಕೇಳಿದ್ದರು. ಬೇರಿಂಗನ್ನಲ್ಲ, ಕ್ಲಚ್ಚನ್ನಲ್ಲ, ನನ್ನನ್ನು ಕೇಳಿದ್ದರು. ನಾನು ಯೋಚನೆಯನ್ನೇ ಮಾಡದೆ ಅವರ ಭಾಷೆಯಲ್ಲಿ ಹೌದು ಎಂದಿದ್ದೆ. ಉಸಿರು ಬಿಟ್ಟರೆ ಎಲ್ಲಿ ಮುಂದಿನ ಮಾತು ಹೆದರಿ ಓಡಿಹೋಗುತ್ತದೋ ಎಂದು ಹಾಗೇ ಕೂತೆ.

ಇವರು ತೊಡೆಯ ಮೇಲಿದ್ದ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ನಾಕೂ ಐತಾಂದಿ" ಎಂದರು. ನನಗೂ ಆಗ್ತಿದೆ. ಸ್ವಲ್ಪ ಹೊತ್ತು ಹುಡುಕಿ ಇನ್ನೊಂದು ಪದ ತಂದರು. "ದಿನಾಮೂ."

ದಿನಾಲೂ. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನನಗೆ ಬರುವ ಹರಕು ತೆಲುಗಿನಲ್ಲಿ, ನನಗೆ ಹೇಳಬೇಕು ತಾನೇ ಎಂದು ರೇಗಿದೆ. "ನಾಕು ಚೆಪ್ಪಾಲಿ ಕದಾ!"

"ಚೆಪ್ತಾಂಡಾ ಕದಾ" ಎಂದರು ಇವರು. ಹೇಳ್ತಾ ಇದೀನಲ್ಲ. ಎದುರುತ್ತರ ಕೊಟ್ಟರು!

ಮೇಲುಗಡೆ ಬಂಡೆಯ ಮೇಲೆ ಭಾಯ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. "ಭಾಬಿ! ಏನಾಯ್ತು? ಯಾಕ್ ನಿಂತ್ಬುಟ್ರಿ? ನಾನ್ ಬರ್ಲಾ?" ಎಂದು ಕೂಗಿದರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದೆ.

"ಅಲ್ಲೇ ಇರಿ ಭಾಯ್. ನಾವು ಮಾತಾಡ್ತಾ ಇದೀವಿ."